ಗೂಡಿನ ಯಾವ ಕಿಂಡಿ ಮುಚ್ಚಬೇಕು, ಯಾವುದು ತೆರೆದಿರಬೇಕು? ಮಾಗಿಯಲ್ಲಿ ಹಿತ್ತಲ ಕೋಳಿಗಳ ಆರೈಕೆ

ದೀಪಾವಳಿ ಕಳೆದು ಅವರೆ ಹೂ ಬಿಡುವ ಹೊತ್ತಿಗೆ, ಹಿತ್ತಲಲ್ಲಿ ಹತ್ತಾರು ಕೋಳಿ ಸಾಕಿಕೊಂಡವರ ಮನೆಗಳಿಂದ ಎರಡು ಬಗೆಯ ದೂರು ಕೇಳಿಬರತೊಡಗುತ್ತದೆ. ಮರಿಗಳೆಲ್ಲ ಚಳಿಗೆ ಮುದುರಿಕೊಂಡು ಸತ್ತವು ಎಂಬುದು ಒಂದು. ರಾತ್ರಿ ಏನೋ ಬಂದು ಹೇಟೆಯನ್ನು ಹೊತ್ತುಕೊಂಡು ಹೋಯಿತು ಎಂಬುದು ಇನ್ನೊಂದು. ನಾಟಿ ಮೊಟ್ಟೆಗೆ ಬೇಡಿಕೆ ಇರುವುದರಿಂದ ಪಟ್ಟಣದ ಅಂಚಿನ ಮನೆಗಳಲ್ಲೂ ಈಗ ಕೋಳಿ ಸಾಕುವವರಿದ್ದಾರೆ, ಆದರೆ ಅವರಲ್ಲಿ ಅನೇಕರಿಗೆ ಸಂಜೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುತ್ತಿದ್ದ ಹಿರಿಯರ ಅನುಭವ ಬೆನ್ನಿಗಿಲ್ಲ.

ಈ ಎರಡು ದೂರುಗಳೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಚಳಿ ಬರುವುದೂ ಕಳ್ಳ ಪ್ರಾಣಿ ಬರುವುದೂ ಗೂಡಿನ ಸಂದುಗಳಿಂದಲೇ. ಹಾಗೆಂದು ಎಲ್ಲ ಸಂದುಗಳನ್ನೂ ಮುಚ್ಚಿಬಿಟ್ಟರೆ ಒಳಗಿರುವ ಕೋಳಿ ಬೇರೊಂದು ಕಾರಣಕ್ಕೆ ಕಾಯಿಲೆ ಬೀಳುತ್ತದೆ. ಯಾವ ಕಿಂಡಿಯನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು, ತೆರೆದಿಟ್ಟದ್ದಕ್ಕೆ ಎಂಥ ಜಾಲರಿ ಹೊಡೆಯಬೇಕು ಎಂಬುದು ಗೊತ್ತಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

ಕೋಳಿ ತನ್ನನ್ನು ಬೆಚ್ಚಗಿಟ್ಟುಕೊಳ್ಳುವ ಬಗೆ

ಕೋಳಿಯ ಮೈ ನಮ್ಮ ಮೈಗಿಂತ ಬಿಸಿ. ನಮ್ಮದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರದು 41 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ಕಾವನ್ನು ಉಳಿಸಿಕೊಡುವುದು ಗರಿ, ಅದಕ್ಕಿಂತಲೂ ಹೆಚ್ಚಾಗಿ ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಬೆಚ್ಚಗಿರುವುದು ಪದರಗಳ ನಡುವಿನ ಗಾಳಿ ಅಲುಗದೆ ನಿಂತಿರುವುದರಿಂದ. ಚಳಿಯಲ್ಲಿ ಮೈ ಉಬ್ಬಿಸಿಕೊಂಡು ಚೆಂಡಿನಂತೆ ಕೂತ ಕೋಳಿ ಮಾಡುತ್ತಿರುವುದೂ ಅದನ್ನೇ. ಗರಿ ಇಲ್ಲದ ಭಾಗಗಳಾದ ಜುಟ್ಟು, ಕೊಕ್ಕಿನ ಕೆಳಗಿನ ಜೋಲು ಮತ್ತು ಕಾಲುಗಳಿಂದ ಶಾಖ ಸೋರಿಹೋಗುತ್ತದೆ. ಆದ್ದರಿಂದಲೇ ಮಲಗಿದ ಕೋಳಿ ತಲೆಯನ್ನು ರೆಕ್ಕೆಯ ಸಂದಿಗೆ ಸೇರಿಸಿ, ಎದೆಯ ಗರಿಗಳು ಕಾಲ್ಬೆರಳುಗಳನ್ನು ಮುಚ್ಚುವಂತೆ ಕೂರುತ್ತದೆ.

ಹಾಗಾಗಿ ಕೋಳಿ ಕೂರುವ ಅಡ್ಡಗೋಲು ಎಂಥದ್ದು ಎಂಬುದು ಮುಖ್ಯವಾಗುತ್ತದೆ. ತೆಳ್ಳನೆಯ ಕಬ್ಬಿಣದ ಪೈಪಿನ ಮೇಲೆ ಕೂತ ಕೋಳಿಯ ಬೆರಳುಗಳು ಪೈಪನ್ನು ಸುತ್ತಿ ಕೆಳಗಿನಿಂದ ಗಾಳಿಗೆ ತೆರೆದುಕೊಳ್ಳುತ್ತವೆ, ಲೋಹವೂ ಶಾಖವನ್ನು ಎಳೆದುಕೊಳ್ಳುತ್ತದೆ. ಎರಡು ಇಂಚು ಅಗಲದ ಮರದ ಪಟ್ಟಿಯ ಅಂಚನ್ನು ಕೊಂಚ ಉಜ್ಜಿ ಗುಂಡಗೆ ಮಾಡಿ ಹಾಕಿದರೆ ಪಾದ ಚಪ್ಪಟೆಯಾಗಿ ಊರುತ್ತದೆ ಮತ್ತು ಗರಿಯ ಹೊದಿಕೆ ಅದನ್ನು ಪೂರ್ತಿ ಮುಚ್ಚುತ್ತದೆ. ಒಂದೊಂದು ಕೋಳಿಗೆ ಮುಕ್ಕಾಲು ಅಡಿಯಷ್ಟು ಜಾಗ ಸಿಕ್ಕರೆ ಸಾಕು. ಚಳಿಯ ರಾತ್ರಿಯಲ್ಲಿ ಅವು ಹೇಗೂ ಒಂದಕ್ಕೊಂದು ಒತ್ತಿಕೊಂಡೇ ಕೂರುತ್ತವೆ.

ಬೆಳೆದ ಕೋಳಿಗೆ 18ರಿಂದ 24 ಡಿಗ್ರಿಯ ಹವೆ ಹಿತ. ಬೀದರಿನಲ್ಲೋ ಕೊಡಗಿನಲ್ಲೋ ಮಾಗಿಯ ರಾತ್ರಿ 10 ಡಿಗ್ರಿಯ ಹತ್ತಿರಕ್ಕೆ ಇಳಿದಾಗ ಆರೋಗ್ಯವಾದ ನಾಟಿ ಕೋಳಿ ಸಾಯುವುದಿಲ್ಲ, ಕಾವು ಹುಟ್ಟಿಸಿಕೊಳ್ಳಲು ಹೆಚ್ಚು ತಿನ್ನುತ್ತದೆ, ಅಷ್ಟೇ. ಸಂಜೆ ಗೂಡು ಸೇರುವ ಮುನ್ನ ಒಂದೊಂದು ಹಿಡಿ ಜೋಳವನ್ನೋ ರಾಗಿಯನ್ನೋ ಎರಚುವ ರೂಢಿಗೆ ಇಲ್ಲಿ ಅರ್ಥವಿದೆ. ಕತ್ತಿನ ಬುಡದ ಚೀಲದಲ್ಲಿ ಕೂಡಿಟ್ಟ ಕಾಳು ರಾತ್ರಿಯುದ್ದಕ್ಕೂ ನಿಧಾನವಾಗಿ ಕೆಳಗಿಳಿದು ಅರಗುತ್ತದೆ, ಅರಗುವ ಕೆಲಸವೇ ಶಾಖವನ್ನು ಹುಟ್ಟಿಸುತ್ತದೆ. ಕತ್ತಿನಲ್ಲಿ ಗರಿಯಿಲ್ಲದ ಬೋಳುಕತ್ತಿನ ಕೋಳಿಗಳು ಮಾತ್ರ ಬೇಸಿಗೆಯಲ್ಲಿ ಪಡೆದ ಲಾಭಕ್ಕೆ ಚಳಿಗಾಲದಲ್ಲಿ ಬೆಲೆ ತೆರುತ್ತವೆ; ಅವುಗಳಿಗೆ ಮೇವು ಇನ್ನೂ ತುಸು ಹೆಚ್ಚು ಬೇಕು.

ಚಳಿಗಿಂತ ತೇವವೇ ಕೇಡು

ಕೌದಿ ನೆನೆದರೆ ಹೊದ್ದವನಿಗೆ ಹೊದೆಯದೆ ಇದ್ದುದಕ್ಕಿಂತ ಹೆಚ್ಚು ಚಳಿಯಾಗುತ್ತದೆ. ಕೋಳಿಯದೂ ಇದೇ ಪಾಡು. ಬಯಲುಸೀಮೆಯ ಒಣ ಚಳಿಯಲ್ಲಿ ಲವಲವಿಕೆಯಿಂದಿರುವ ಕೋಳಿ, ಅದಕ್ಕಿಂತ ಎಷ್ಟೋ ಬೆಚ್ಚಗಿರುವ ಮಲೆನಾಡಿನ ಆಷಾಢದ ಜಡಿಮಳೆಯಲ್ಲಿ ಕುಗ್ಗಿಹೋಗುವುದು ಈ ಕಾರಣದಿಂದ. ಮಳೆಯೇ ಇಲ್ಲದ ಡಿಸೆಂಬರಿನಲ್ಲಿ ತೇವ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಅದು ಕೋಳಿಗಳಿಂದಲೇ ಬರುತ್ತದೆ. ರಾತ್ರಿಯಿಡೀ ಅವು ಬಿಡುವ ಉಸಿರಿನಲ್ಲಿ ನೀರಿನ ಆವಿಯಿರುತ್ತದೆ, ಹಿಕ್ಕೆಯಲ್ಲಿ ಇನ್ನೂ ಹೆಚ್ಚು ನೀರಿರುತ್ತದೆ.

ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳಿಯ ಭಾಗವೇ ಕೋಳಿಯ ಮೂತ್ರ. ಅದು ತೇವದಲ್ಲಿ ಕೊಳೆತಾಗ ಅಮೋನಿಯಾ ಎಂಬ ಘಾಟು ಅನಿಲ ಹೊರಡುತ್ತದೆ. ಈ ಅನಿಲ ಕೋಳಿಯ ಕಣ್ಣನ್ನು ಉರಿಸುತ್ತದೆ ಮತ್ತು ಉಸಿರ್ನಾಳದ ಒಳಪದರವನ್ನು ಕೆಡಿಸಿ ನೆಗಡಿಯಂಥ ಕಾಯಿಲೆಗಳಿಗೆ ಬಾಗಿಲು ತೆರೆಯುತ್ತದೆ. ಚಳಿಗೆ ಹೆದರಿ ಗೂಡಿನ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ಆಗುವುದು ಇದೇ. ಮೊದಲ ವರ್ಷ ನಾನೂ ಹಾಗೆ ಮಾಡಿದ್ದೆ. ಬೆಳಿಗ್ಗೆ ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬಾಗಿಲು ತೆಗೆದ ಕೂಡಲೇ ಕಣ್ಣಲ್ಲಿ ನೀರು ಬಂತು. ಪರೀಕ್ಷೆ ಮಾಡಲು ಉಪಕರಣವೇನೂ ಬೇಡ. ನಸುಕಿನಲ್ಲಿ ಗೂಡಿನ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಕೋಳಿಯ ತಲೆಯ ಮಟ್ಟಕ್ಕೆ ಮೂಗು ತಂದು ಉಸಿರೆಳೆದುಕೊಳ್ಳಬೇಕು. ನಮಗೆ ಘಾಟು ಹತ್ತಿದರೆ ರಾತ್ರಿಯೆಲ್ಲ ಅಲ್ಲೇ ಇದ್ದ ಕೋಳಿಗೆ ಎಷ್ಟಾಗಿರಬಹುದು ಎಂಬ ಅಂದಾಜು ಸಿಗುತ್ತದೆ.

ಇಲ್ಲಿ ಬೀಸುಗಾಳಿಗೂ ಗಾಳಿಯಾಟಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ಕೂತ ಕೋಳಿಯ ಮೈಗೆ ನೇರವಾಗಿ ಬಡಿಯುವುದು ಬೀಸುಗಾಳಿ. ಅದು ಗರಿಗಳ ನಡುವಿನ ಬೆಚ್ಚನೆಯ ಗಾಳಿಯನ್ನು ಕಿತ್ತೊಯ್ಯುತ್ತದೆ. ಕೋಳಿಯ ತಲೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ತೇವವನ್ನೂ ಘಾಟನ್ನೂ ಹೊತ್ತು ನಿಧಾನವಾಗಿ ಹೊರಹೋಗುವುದು ಗಾಳಿಯಾಟ. ಮೊದಲನೆಯದನ್ನು ತಡೆಯಬೇಕು, ಎರಡನೆಯದನ್ನು ಉಳಿಸಿಕೊಳ್ಳಬೇಕು. ಹಳೆಯ ಅಡುಗೆಮನೆಗಳಲ್ಲಿ ಹೊಗೆ ಹೋಗಲು ಮಾಡಿನ ಕೆಳಗೆ ಬೆಳಕಿಂಡಿ ಇಡುತ್ತಿದ್ದರಲ್ಲ, ಕೋಳಿಗೂಡಿಗೂ ಅದೇ ನ್ಯಾಯ. ನೆಲದಿಂದ ಅಡ್ಡಗೋಲಿನ ಮೇಲೆ ಒಂದಡಿಯವರೆಗೆ ಗೋಡೆ ಮುಚ್ಚಿರಲಿ, ಅದರ ಮೇಲೆ ಸೂರಿನವರೆಗೆ ಜಾಲರಿಯಷ್ಟೇ ಇರಲಿ. ನಮ್ಮ ಕಡೆ ಚಳಿಗಾಲದ ಗಾಳಿ ಬಹುಪಾಲು ಮೂಡಣ, ಈಶಾನ್ಯ ದಿಕ್ಕುಗಳಿಂದ ಬೀಸುವುದರಿಂದ ಆ ಬದಿಗೆ ಮಾತ್ರ ರಾತ್ರಿ ಗೋಣಿಚೀಲದ ಪರದೆ ಇಳಿಬಿಟ್ಟು, ಬಿಸಿಲೇರಿದ ಮೇಲೆ ಸುತ್ತಿ ಮೇಲಕ್ಕೆ ಕಟ್ಟಿದರೆ ಸಾಕಾಗುತ್ತದೆ. ಗೋಣಿ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡುವುದಿಲ್ಲ.

ನೆಲಕ್ಕೆ ಎರಡು ಮೂರು ಇಂಚು ದಪ್ಪಕ್ಕೆ ಭತ್ತದ ಹೊಟ್ಟು, ಮರದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹರಡುತ್ತಾರೆ. ಮಲೆನಾಡಿನಲ್ಲಿ ಒಣ ದರಗನ್ನೇ ಹಾಕುವುದುಂಟು. ಇದು ಹಾಸಿಗೆಯೂ ಹೌದು, ತೇವ ಹೀರುವ ಬಟ್ಟೆಯೂ ಹೌದು. ವಾರಕ್ಕೆರಡು ಸಲ ಕೆದರಿ ತಿರುವಿಹಾಕದಿದ್ದರೆ ಮೇಲ್ಪದರ ಹೆಂಟೆಗಟ್ಟಿ ಅಡಿಯಲ್ಲಿ ಕೊಳೆಯುತ್ತದೆ. ಹಿಡಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ತೇವ ಹೆಚ್ಚಾಗಿದೆ ಎಂದೂ, ಉದುರಿಹೋದರೆ ಸರಿಯಿದೆ ಎಂದೂ ತಿಳಿಯಬಹುದು. ನೀರಿನ ತಟ್ಟೆಯ ಸುತ್ತಲೇ ಮೊದಲು ಒದ್ದೆಯಾಗುವುದರಿಂದ ಅಷ್ಟು ಜಾಗದ ಹೊಟ್ಟನ್ನು ಆಗಾಗ ಬದಲಿಸುವುದು ಒಳ್ಳೆಯದು.

ಮರಿಗಳ ಲೆಕ್ಕವೇ ಬೇರೆ

ಇಷ್ಟು ಹೊತ್ತು ಹೇಳಿದ್ದು ಬೆಳೆದ ಕೋಳಿಯ ಮಾತು. ಮೊಟ್ಟೆಯೊಡೆದು ಬಂದ ಮರಿಗೆ ಗರಿಯಿಲ್ಲ, ಇರುವುದು ನವಿರಾದ ತುಪ್ಪಳ. ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಮೊದಲ ಕೆಲವು ವಾರ ಅದಕ್ಕೆ ಬಂದಿರುವುದಿಲ್ಲ. 21 ದಿನ ಕಾವು ಕೂತ ತಾಯಿಯೇ ಜೊತೆಗಿದ್ದರೆ, ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ತಂದವರಿಗೆ ತಾಯಿಯ ಪಾತ್ರವನ್ನು ತಾವೇ ವಹಿಸದೆ ಬೇರೆ ದಾರಿಯಿಲ್ಲ.

ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದು, ಮೈತುಂಬ ಗರಿ ಮೂಡಿದ ಮೇಲೆ ಹೊರಗಿನ ಹವೆಗೆ ಒಗ್ಗಿಸಬೇಕು. ಚಳಿಗಾಲದಲ್ಲಿ ಒಂದು ಮರಿಗೆ ಎರಡು ವ್ಯಾಟ್ ಎಂಬುದು ರೂಢಿಯ ಲೆಕ್ಕ, ಅಂದರೆ 30 ಮರಿಗಳಿಗೆ ಒಂದು 60 ವ್ಯಾಟಿನ ಬಲ್ಬು. ಇದು ತಂತಿ ಕಾದು ಉರಿಯುವ ಹಳೆಯ ಹಳದಿ ಬಲ್ಬಿನ ಲೆಕ್ಕ ಎಂಬುದನ್ನು ಮರೆಯಬಾರದು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಕಾವು ಕೊಡುವುದಿಲ್ಲ. ‘ರಾತ್ರಿಯೆಲ್ಲ ದೀಪ ಹಾಕಿದ್ದೆ, ಆದರೂ ಸತ್ತವು’ ಎನ್ನುವವರನ್ನು ಯಾವ ಬಲ್ಬು ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಉಷ್ಣಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಡ್ಡೆಬಿದ್ದು ಕೀಚುಗುಟ್ಟುತ್ತಿದ್ದರೆ ಬಿಸಿ ಸಾಲದು. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು ತೇಕುತ್ತಿದ್ದರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಬದಿಗೆ ಒತ್ತರಿಸಿಕೊಂಡಿದ್ದರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ಮಾತ್ರ ನಾವು ಹೋಗಿ ಮಲಗಬಹುದು. ಮರಿಗಳನ್ನು ಬಿಡುವ ಆವರಣ ಗುಂಡಗಿರಬೇಕು. ಚೌಕದ ಪೆಟ್ಟಿಗೆಯಾದರೆ ಚಳಿಗೆ ಮೂಲೆ ಸೇರಿದ ಮರಿಗಳು ಒಂದನ್ನೊಂದು ತುಳಿದು, ಅಡಿಯವು ಉಸಿರುಕಟ್ಟಿ ಸಾಯುತ್ತವೆ. ಚಳಿಗೆ ಸತ್ತವು ಎಂದು ನಾವು ಹೇಳುವ ಮರಿಗಳಲ್ಲಿ ಹೀಗೆ ಮೂಲೆಯಲ್ಲಿ ಸತ್ತವೂ ಇರುತ್ತವೆ. ಆದ್ದರಿಂದ ರಟ್ಟನ್ನು ಬಳಸಿ ಮೂಲೆಗಳನ್ನು ಮುಚ್ಚಬೇಕು.

ಬಲ್ಬನ್ನು ಒಂದೂವರೆ ಅಡಿ ಎತ್ತರದಲ್ಲಿ, ವಯರಿನಿಂದಲ್ಲ, ಬೇರೆಯೇ ಗಟ್ಟಿ ತಂತಿಯಿಂದ ಎರಡು ಕಡೆ ಕಟ್ಟಿ ತೂಗುಬಿಡಬೇಕು. ಒಣ ಹೊಟ್ಟಿನ ಮೇಲೆ ಕಾದ ಬಲ್ಬು ಬಿದ್ದರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಮರಿಗಳು ಬಲಿತ ಮೇಲೆ ಬೆಳೆದ ಕೋಳಿಗಳ ಗೂಡಿಗೂ ಬಿಸಿ ದೀಪ ಬೇಕೇ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕದ ಚಳಿಗೆ ಅದರ ಅಗತ್ಯವಿಲ್ಲ, ಅಪಾಯವೇ ಹೆಚ್ಚು.

ಮೊಟ್ಟೆ ಇಳಿಯುವುದು, ಕತ್ತು ತಿರುಚುವುದು

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗಲು ಚಳಿಗಿಂತ ಬೆಳಕು ದೊಡ್ಡ ಕಾರಣ. ಹೇಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಹಗಲು ಮೊಟಕಾಗುವ ಇದೇ ಕಾಲದಲ್ಲಿ ಅನೇಕ ಕೋಳಿಗಳು ಹಳೆಯ ಗರಿ ಉದುರಿಸಿ ಹೊಸದನ್ನು ಬೆಳೆಸುತ್ತವೆ. ಗರಿ ಬಹುಪಾಲು ಪ್ರೋಟೀನಿನಿಂದಲೇ ಆದದ್ದು, ಹಾಗಾಗಿ ಮೊಟ್ಟೆಗೆ ಹೋಗಬೇಕಾದ ಪೋಷಣೆ ಗರಿಗೆ ಹೋಗುತ್ತದೆ. ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ, ಮಡಕೆಯಲ್ಲಿ ಸಗಣಿ ತುಂಬಿ ಕವುಚಿಟ್ಟು ಹಿಡಿದ ಗೆದ್ದಲು ಈ ಕೊರತೆಯನ್ನು ತುಂಬುತ್ತವೆ.

ಕೋಳಿ ಕತ್ತು ತಿರುಚಿಕೊಂಡು, ಹಸಿರು ಬೆರೆತ ಬಿಳಿಯ ಭೇದಿ ಮಾಡುತ್ತ, ಒಂದರ ಹಿಂದೊಂದು ಸಾಯತೊಡಗಿದರೆ ಅದು ಚಳಿಯಲ್ಲ. ಕೊಕ್ಕರೆ ರೋಗವೆಂದು ನಾವು ಕರೆಯುವ, ಉತ್ತರಾಖಂಡದ ರಾಣಿಖೇತ್ ಎಂಬ ಊರಿನ ಹೆಸರು ಹೊತ್ತ ವೈರಾಣು ಕಾಯಿಲೆ ಇರಬಹುದು. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟಾ ಲಸಿಕೆಯ ಹನಿ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು ಹಾಕಿಸುವುದೇ ಉಪಾಯ. ದಿನಗಳ ಲೆಕ್ಕವನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು.

ಬಂದದ್ದು ಯಾರು?

ಬೆಳಿಗ್ಗೆ ಗೂಡು ತೆರೆದು ಕೋಳಿ ಕಾಣದಿದ್ದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಕಾಡುಬೆಕ್ಕು. ನಿಜವಾಗಿ ಬಂದದ್ದು ಯಾರೆಂದು ತಿಳಿದರೆ ಮಾತ್ರ ಯಾವ ಸಂದು ಮುಚ್ಚಬೇಕೆಂಬುದು ತಿಳಿಯುತ್ತದೆ, ಏಕೆಂದರೆ ಒಂದೊಂದು ಪ್ರಾಣಿಯ ಹೊತ್ತು ಬೇರೆ, ದಾರಿ ಬೇರೆ. ಕಾಡುಬೆಕ್ಕು ಕೋಳಿಯನ್ನು ಕಚ್ಚಿ ಹೊತ್ತೊಯ್ಯುತ್ತದೆ. ಬೇಲಿಯ ತನಕ ಉದುರಿದ ಗರಿಗಳೇ ಅದರ ಗುರುತು. ನಾಯಿಗಳಾದರೆ ಹಲವನ್ನು ಕೊಂದು, ತಿನ್ನದೆ ಅಲ್ಲಲ್ಲೇ ಬಿಟ್ಟುಹೋಗಿರುತ್ತವೆ. ಕೋಳಿಗೆ ಏನೂ ಆಗದೆ ಮೊಟ್ಟೆ ಮಾತ್ರ ಸಿಪ್ಪೆಯೂ ಇಲ್ಲದಂತೆ ಮಾಯವಾಗಿದ್ದರೆ ಹಾವನ್ನು ಸಂಶಯಿಸಬೇಕು, ಅದು ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ. ಹಾವು ಒಳಗೇ ಉಳಿದಿರುವುದೂ ಉಂಟು, ನುಂಗಿದ ಮೇಲೆ ಹೊಟ್ಟೆ ಉಬ್ಬಿ ಬಂದ ದಾರಿಯಲ್ಲಿ ಹೋಗಲಾಗುವುದಿಲ್ಲ. ಕತ್ತಲಲ್ಲಿ ಮೊಟ್ಟೆಯ ಬುಟ್ಟಿಗೆ ಬರಿಗೈ ಹಾಕಬಾರದೆಂಬ ಹಿರಿಯರ ಮಾತು ಇದಕ್ಕೇ. ಮರಿಗಳು ದಿನಕ್ಕೊಂದರಂತೆ ಕಡಿಮೆಯಾಗುತ್ತಿದ್ದು ಗೂಡಿನ ಬುಡದಲ್ಲಿ ಬಿಲವಿದ್ದರೆ ಹೆಗ್ಗಣದ ಕೆಲಸ.

ಮುಂಗುಸಿಯ ವಿಷಯದಲ್ಲಿ ಬಹಳ ಜನ ಎಡವುವುದು ಹೊತ್ತಿನಲ್ಲಿ. ಅದು ಹಗಲಿನ ಪ್ರಾಣಿ. ರಾತ್ರಿ ಎಷ್ಟು ಭದ್ರವಾಗಿ ಬೀಗ ಹಾಕಿದರೂ, ಹಗಲು ಹಿತ್ತಲ ಪೊದೆಯಲ್ಲಿ ಮರಿ ಮೇಯಿಸುವ ತಾಯಿಯನ್ನು ಅದು ಕಾದು ಕೂತಿರುತ್ತದೆ. ಗಿಡುಗ, ಹದ್ದು, ಕಾಗೆ, ಕೆಂಬೂತ, ಉಡ ಇವೂ ಹಗಲಿನವೇ.

ಒಳಹೊಕ್ಕ ಪ್ರಾಣಿ ತಿನ್ನುವುದು ಒಂದನ್ನು, ಕೊಲ್ಲುವುದು ಹತ್ತನ್ನು ಏಕೆ ಎಂಬ ಪ್ರಶ್ನೆ ಕೇಳಿಬರುತ್ತದೆ. ಬಯಲಿನಲ್ಲಾದರೆ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗಿರುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಗೂಡಿನಲ್ಲಿ ಉಳಿದವು ಕಣ್ಣೆದುರೇ ರೆಕ್ಕೆ ಬಡಿಯುತ್ತಿರುವುದರಿಂದ ಬೇಟೆಯ ಪ್ರವೃತ್ತಿ ಮತ್ತೆ ಮತ್ತೆ ಕೆರಳುತ್ತದೆ. ಇತ್ತ ಕೋಳಿಗೆ ಹಗಲು ಕಣ್ಣು ಚುರುಕಾದರೂ ಕತ್ತಲಾದ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಪಕ್ಕದ ಕೋಳಿ ಸಾಯುತ್ತಿದ್ದರೂ ಉಳಿದವು ಕೂತಲ್ಲೇ ಕೂತಿರುವುದುಂಟು.

ಜಾಲರಿ, ಕಾಲು, ಬಾಗಿಲು

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯ ಬಲೆಯನ್ನು ಕೊಡುತ್ತಾರೆ. ಕೋಳಿಯನ್ನು ಒಳಗಿಡಲು ಅದು ಸಾಕು, ಬೇರೆಯವರನ್ನು ಹೊರಗಿಡಲು ಸಾಲದು. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ, ಅಗಲ ಕಣ್ಣಿನ ಬಲೆಯಲ್ಲಿ ಹಾವೂ ಇಲಿಯೂ ಸಲೀಸಾಗಿ ನುಸುಳುತ್ತವೆ. ಬೆಲೆ ಹೆಚ್ಚಾದರೂ ಅರ್ಧ ಇಂಚು ಚೌಕದ ಕಣ್ಣಿನ, ಬೆಸುಗೆ ಹಾಕಿದ ಜಾಲರಿಯನ್ನೇ ಗೂಡಿಗೆ ಬಳಸಬೇಕು. ಮೊಟ್ಟೆ ನುಂಗಬಲ್ಲ ಗಾತ್ರದ ಹಾವಿಗೆ ಅದರಲ್ಲಿ ದಾರಿಯಿಲ್ಲ. ಗಾಳಿಯಾಟಕ್ಕೆಂದು ಸೂರಿನ ಕೆಳಗೆ ಬಿಟ್ಟ ಕಿಂಡಿಗೂ ಇದೇ ಜಾಲರಿ. ಗೋಡೆ ಭದ್ರಮಾಡಿ ಸೂರಿನ ಸಂದು ಮರೆತವರ ಗೂಡಿಗೆ ಬೆಕ್ಕು ಮೇಲಿನಿಂದಲೇ ಇಳಿಯುತ್ತದೆ.

ನೆಲದ ಮೇಲಿನ ಗೂಡಾದರೆ ನರಿ, ನಾಯಿ, ಮುಂಗುಸಿಗಳು ಗೋಡೆಯ ಬುಡದಲ್ಲೇ ತೋಡುತ್ತವೆ. ಜಾಲರಿಯ ಅಂಚನ್ನು ಗೋಡೆಯ ಬುಡದಿಂದ ಹೊರಕ್ಕೆ ಒಂದೆರಡು ಅಡಿ ನೆಲಕ್ಕೆ ಹಾಸಿ, ಮೇಲೆ ಮಣ್ಣೋ ಕಲ್ಲೋ ಹೇರಿದರೆ, ಬುಡಕ್ಕೆ ಬಂದು ತೋಡುವ ಪ್ರಾಣಿಯ ಉಗುರಿಗೆ ತಂತಿ ತಾಗುತ್ತದೆ. ಎರಡಡಿ ಹಿಂದೆ ಸರಿದು ಸುರಂಗ ತೋಡುವ ಯೋಚನೆ ಅದಕ್ಕೆ ಹೊಳೆಯುವುದಿಲ್ಲ. ಎರಡು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಂತ ಗೂಡು ಇನ್ನೂ ಮೇಲು. ಕಾಲುಗಳಿಗೆ ತಗಡು ಸುತ್ತಿದರೆ ಇಲಿ ಹತ್ತುವುದಿಲ್ಲ, ಕಾಲಿನ ಅಡಿಗೆ ನೀರಿನ ಬಟ್ಟಲಿಟ್ಟರೆ ಇರುವೆ ಏರುವುದಿಲ್ಲ. ಇರುವೆಯನ್ನು ಹಗುರಾಗಿ ಕಾಣುವಂತಿಲ್ಲ, ಮೊಟ್ಟೆಯೊಡೆದು ಇನ್ನೂ ಒದ್ದೆಯಾಗಿರುವ ಮರಿಯನ್ನು ಅವು ಮುತ್ತಿ ಕೊಲ್ಲುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಇಂಥ ಗೂಡಿನ ನೆಲಕ್ಕೆ ಅಡಿಕೆ ದಬ್ಬೆ ಹಾಕುತ್ತಾರೆ, ಹಿಕ್ಕೆ ಸಂದಿನಿಂದ ಕೆಳಗೆ ಬಿದ್ದು ಒಳಗೆ ಒಣಗಿರುತ್ತದೆ. ಒಂದೇ ತೊಡಕೆಂದರೆ ಅದೇ ಸಂದಿನಿಂದ ಕೈ ಹಾಕಿ ಕೋಳಿಯ ಕಾಲೆಳೆಯುವ ಪ್ರಾಣಿಗಳಿವೆ. ದಬ್ಬೆಯ ಅಡಿಗೊಂದು ಜಾಲರಿ, ಮಾಗಿಯ ರಾತ್ರಿ ದಬ್ಬೆಯ ಮೇಲೊಂದು ಗೋಣಿ ಬೇಕಾಗುವುದು ಇಲ್ಲಿ.

ಚೆಲ್ಲಿದ ಕಾಳು ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು ಕರೆಯುತ್ತದೆ. ಬೆಳ್ಳುಳ್ಳಿ, ಫಿನಾಯಿಲ್ ಚೆಲ್ಲಿ ಹಾವು ಓಡಿಸುವುದಕ್ಕಿಂತ ಸಂಜೆ ಉಳಿದ ಮೇವನ್ನು ಎತ್ತಿ ಮುಚ್ಚಳದ ಡಬ್ಬಕ್ಕೆ ಹಾಕುವುದು ಫಲಕಾರಿ. ಉರುಳು, ವಿಷ, ವಿದ್ಯುತ್ ತಂತಿಗಳ ಮಾತು ಬಂದರೆ, ಮುಂಗುಸಿ, ಕಾಡುಬೆಕ್ಕು, ಪುನುಗು, ಉಡ, ನಾಗರಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಂದರೆ ಶಿಕ್ಷೆಯಾಗುತ್ತದೆ. ಅದೂ ಅಲ್ಲದೆ ಗೂಡಿನ ಸಂದು ಹಾಗೆಯೇ ಇದ್ದರೆ ಸತ್ತ ಪ್ರಾಣಿಯ ಜಾಗಕ್ಕೆ ಇನ್ನೊಂದು ಬರುತ್ತದೆ.

ಹಗಲಿನ ಕಾವಲು

ಹದ್ದು, ಗಿಡುಗಗಳು ಎರಗಲು ಮೇಲೆ ತೆರೆದ ಬಾನು ಬೇಕು. ಅಂಗಳದ ಮೇಲೆ ಹೀರೆಯದೋ ಅವರೆಯದೋ ಚಪ್ಪರವಿದ್ದರೆ, ಇಲ್ಲವೆ ಹಳೆಯ ಮೀನುಬಲೆ ಕಟ್ಟಿದ್ದರೆ ಅವು ಎರಗಲು ಹಿಂಜರಿಯುತ್ತವೆ. ಹೊಳೆಯುವ ಸಿ.ಡಿ. ತಟ್ಟೆಗಳನ್ನು ತೂಗುಬಿಟ್ಟರೆ ಕೆಲವು ದಿನ ಹೆದರುತ್ತವೆ, ಆಮೇಲೆ ರೂಢಿಯಾಗುತ್ತದೆ. ಕೋಳಿಗಳಿಗೂ ತಮ್ಮದೇ ಎಚ್ಚರಿಕೆಯ ಭಾಷೆಯಿದೆ: ಮೇಲಿನಿಂದ ಬರುವ ಶತ್ರುವಿಗೆ ಹುಂಜ ಒಂದು ಬಗೆಯ ಸಣ್ಣ, ಎಳೆದ ಕೂಗು ಹಾಕಿದರೆ, ನೆಲದ ಮೇಲಿನ ಶತ್ರುವಿಗೆ ಬಿಟ್ಟುಬಿಟ್ಟು ಜೋರಾಗಿ ಕೊಕ್ಕೊಕ್ಕ ಎನ್ನುತ್ತದೆ, ಮೊದಲನೆಯದಕ್ಕೆ ಉಳಿದವು ಪೊದೆಯಡಿ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನೋಡುತ್ತವೆ. ಹಿಂಡಿನಲ್ಲಿ ಒಂದು ಹುಂಜ ಇರಬೇಕೆನ್ನುವುದು ಮರಿಗಳಿಗಾಗಿ ಮಾತ್ರವಲ್ಲ. ಹಗುರ ಮೈಯ ನಾಟಿ ಕೋಳಿ ಹಾರಿ ಮರ ಸೇರುತ್ತದೆ. ತೂಕದ ಗಿರಿರಾಜನಿಗೆ ಅದು ಕಷ್ಟ, ಮೈಯಲ್ಲಿ ಅದಕ್ಕಿಂತ ಚಿಕ್ಕದಾದ ಸ್ವರ್ಣಧಾರ ತಪ್ಪಿಸಿಕೊಳ್ಳುವುದರಲ್ಲಿ ವಾಸಿ.

ಸಂಜೆ ಕೋಳಿಗಳು ತಾವಾಗಿಯೇ ಗೂಡಿಗೆ ಬರುತ್ತವೆ, ನಾವು ಮಾಡಬೇಕಾದದ್ದು ಕತ್ತಲಾಗುವ ಮುನ್ನ ಎಣಿಸಿ ಚಿಲಕ ಹಾಕುವುದು. ಎಣಿಕೆಯಲ್ಲಿ ಒಂದು ಹೇಟೆ ಕಡಿಮೆ ಬಂದರೆ ಎಲ್ಲ ಸಲವೂ ಅದನ್ನು ಕಳ್ಳ ಹೊತ್ತಿರುವುದಿಲ್ಲ; ಬೇಲಿಯ ಬುಡದಲ್ಲಿ ಗುಟ್ಟಾಗಿ ಮೊಟ್ಟೆ ಕೂಡಿಟ್ಟು ಕಾವು ಕೂತಿರಬಹುದು. ಎದ್ದು ಓಡದ ಅಂಥ ಕೋಳಿಯೇ ನರಿಗೂ ಹಾವಿಗೂ ಸುಲಭದ ತುತ್ತು, ಆದ್ದರಿಂದ ಹುಡುಕಿ, ಇರುಳಾದ ಮೇಲೆ ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿ ಗೂಡಿನೊಳಕ್ಕೆ ಸಾಗಿಸಬೇಕು. ಬೆಳಿಗ್ಗೆ ಮಾತ್ರ ಆತುರ ಬೇಡ. ಮಾಗಿಯ ನಸುಕಿನಲ್ಲಿ ನರಿ, ಕಾಡುಬೆಕ್ಕುಗಳು ಇನ್ನೂ ಮರಳಿ ಹೋಗಿರುವುದಿಲ್ಲ, ಹುಲ್ಲಿನ ಮೇಲಿನ ಇಬ್ಬನಿಯಲ್ಲಿ ಮರಿಗಳ ತುಪ್ಪಳ ನೆನೆದುಹೋಗುತ್ತದೆ. ಹುಂಜ ಎಷ್ಟೇ ಕೂಗಲಿ, ಬಿಸಿಲು ಅಂಗಳಕ್ಕಿಳಿದು ಇಬ್ಬನಿ ಆರಿದ ಮೇಲೆ ಬಾಗಿಲು ತೆಗೆದರೆ ಸಾಕು.